ಹದಿಮೂರರ ವರ್ಗ

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಶೈಲಾ ಮತ್ತೆ ಹದಿಮೂರರ ಹತ್ತಿರ ಬಂದು ನಿಂತಳು. ಹನ್ನೊಂದರ ವರ್ಗ ನೂರಾ ಇಪ್ಪತ್ತೊಂದು, ಹನ್ನೆರಡರ ವರ್ಗ ನೂರಾ ನಲವತ್ತನಾಲ್ಕು. ಅಲ್ಲಿಯವರೆಗೆ ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಬಾಯಿ ಓಡುತ್ತಿತ್ತು. ಹದಿಮೂರು ಬಂತೆಂದರೆ ಕೈ ಒಂದು ಕಡೆ, ಬಾಯಿ ಒಂದು ಕಡೆ. ಮೊನ್ನೆ ನೂರಾ ಎಪ್ಪತ್ತೊಂಬತ್ತು ಎಂದು ಬಂದಿತ್ತು, ನಿನ್ನೆ ನೂರಾ ಅರವತ್ತಾರು. ಬಾಡಿಗೆ ಕೊಡದೆ ಮನೆ ಬದಲಿಸುತ್ತಲೇ ಇರುವವನ ಹಾಗೆ ಈ ಹದಿಮೂರರ ವರ್ಗ ದಿನಕ್ಕೊಂದು ವಿಳಾಸ ಹೇಳುತ್ತಿತ್ತು.

ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಸುಗಲಮ್ಮ ನಕ್ಕಳು. ಯಾದಗಿರಿ ಕಡೆಯ ಸುಗಲಮ್ಮ ಕೊಂಡಾಪುರದ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಾಳೆ. ಓಪನ್ ಸ್ಕೂಲಿನ ಭಾನುವಾರದ ತರಗತಿಯಲ್ಲಿ ಇಬ್ಬರದೂ ಒಂದೇ ಬೆಂಚು. ಬೆಳಿಗ್ಗೆ ಅಲ್ಲಿ ಅವಳು ಇಡ್ಲಿ ಇಡುವಾಗ, ಇಲ್ಲಿ ಇವಳು ರೊಟ್ಟಿ ಬಡಿಯುವಾಗ ಫೋನಿನಲ್ಲೇ ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳುವುದು ರೂಢಿ. ಗಣಿತದ ಪತ್ರಿಕೆ ಸೋಮವಾರ. ಇವತ್ತು ಶನಿವಾರ.

"ಹನ್ನೆರಡರ ತನಕ ವರ್ಗ ಮಾಡಿ ಮುಗಿಸೀನವ್ವಾ," ಎಂದಳು ಶೈಲಾ, ರೊಟ್ಟಿಯ ಮೇಲೆ ನೀರು ಸವರುತ್ತ. "ಹದಿಮೂರರದು ಕೈ ಕೊಡಾಕತ್ತೈತಿ."

"ಬಿಟ್ಟು ಮುಂದ ಹೋಗ್ರಿ," ಎಂದಳು ಸುಗಲಮ್ಮ.

"ಬಿಡಾಕ ಬರಂಗಿಲ್ಲ. ಇಪ್ಪತ್ತರ ತನಕ ಮಾಡಿದ್ರ ಸಾಕಂತ ಸರ್ ಹೇಳ್ಯಾರ. ಸೋಮವಾರದೊಳಗ ಮಾಡೇ ಬಿಡ್ತೀನಿ."

"ನಿಮ್ಮನಿಯವರಿಗೆ ಹೇಳಿದಿರೇನು?"

"ಅಯ್ಯ, ಎಲ್ಲಿ ಹೇಳೂದು. ನಾ ವರ್ಗ ಮಾಡಾಕತ್ತೀನಂತ ಅವರಿಗೆ ಗೊತ್ತಾದ್ರ ಮುಗೀತು ನನ್ನ ಕತಿ."

ಗಂಡನಿಗೆ ಹೇಳದಿರುವುದಕ್ಕೆ ಕಾರಣವಿತ್ತು. ಮದುವೆಯ ಮಾತುಕತೆಯ ದಿನ ಶೈಲಾಳ ಅಪ್ಪ ಬೀಗರ ಮುಂದೆ, "ಹುಡುಗಿದು ಎಸ್ಸೆಸ್ಸೆಲ್ಸಿ ಆಗೈತಿ" ಎಂದಿದ್ದರು. ಸುಳ್ಳೇನಲ್ಲ. ಎಸ್ಸೆಸ್ಸೆಲ್ಸಿ ಆಗಿತ್ತು, ಜಾತ್ರೆ ಆಗುವ ಹಾಗೆ, ಮಳೆ ಆಗುವ ಹಾಗೆ. ಪಾಸಾಗಿತ್ತೋ ಇಲ್ಲವೋ ಎಂದು ಬೀಗರು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಗಣಿತದಲ್ಲಿ ಅವಳು ಕಂಡಿದ್ದು ಹತ್ತೊಂಬತ್ತು ಅಂಕ. ಅಂದಿನಿಂದ ಗಂಡ ಗುರುಶಾಂತ ಸಿಕ್ಕವರ ಮುಂದೆಲ್ಲ, "ನಮ್ಮಾಕಿ ಆ ಕಾಲದಾಗ ಎಸ್ಸೆಸ್ಸೆಲ್ಸಿ ಪಾಸು" ಎಂದು ಹೆಮ್ಮೆಯಿಂದ ಹೇಳುತ್ತ ಬಂದಿದ್ದ. ಅವನು ಹಾಗೆ ಹೇಳಿದಾಗೆಲ್ಲ ಶೈಲಾಳಿಗೆ ಒಳಗೆ ಏನೋ ಒಂದು ಚುಚ್ಚುತ್ತಿತ್ತು, ರವಿಕೆಯೊಳಗೆ ಮರೆತ ಪಿನ್ನಿನ ಹಾಗೆ. ಹೋದ ವರ್ಷ ಬ್ಯಾಂಕಿನಲ್ಲಿ ಅವನು ಅದೇ ಮಾತನ್ನು ಗಾಜಿನಾಚೆಯ ಹುಡುಗಿಗೂ ಕೇಳಿಸುವಂತೆ ಹೇಳಿದ ದಿನ ಅವಳು ನಿರ್ಧರಿಸಿದಳು: ಅವನ ಮಾತನ್ನು ಸುಳ್ಳು ಮಾಡುವುದಕ್ಕಿಂತ ನಿಜ ಮಾಡುವುದು ಸುಲಭ. ಓಪನ್ ಸ್ಕೂಲಿಗೆ ಹೆಸರು ಹಚ್ಚಿಸಿದಳು. ಭಾನುವಾರದ ತರಗತಿಗೆ ಮನೆಯಲ್ಲಿ ಭಜನೆ ಎಂದು ಹೆಸರಾಯಿತು.

ಇಷ್ಟು ಜೋಪಾನವಾಗಿ ಕಾದುಕೊಂಡ ಗುಟ್ಟನ್ನು ಅಡಿಗೆಮನೆಯ ಕಿಟಕಿ ಹಾಳುಮಾಡಿತು. ಹಿಮಾಯತ್‌ನಗರದ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಅಡಿಗೆಮನೆಗಳೆಲ್ಲ ಒಂದು ಇಕ್ಕಟ್ಟಾದ ಗಾಳಿಗಂಡಿಗೆ ಮುಖ ಮಾಡಿದ್ದವು. ಒಗ್ಗರಣೆಯ ಘಾಟು ಮೇಲೇರುವ ದಾರಿಯಲ್ಲೇ ಮಾತೂ ಮೇಲೇರುತ್ತಿತ್ತು. ಮೇಲಿನ ಮನೆಯಲ್ಲಿ ಗದಿಗೆಮ್ಮ ಇದ್ದರು.

ಗದಿಗೆಮ್ಮನವರ ಯಜಮಾನರು ರೆವಿನ್ಯೂ ಇಲಾಖೆಯಲ್ಲಿದ್ದವರು. ಕುಷ್ಟಗಿಯಿಂದ ಮಾನ್ವಿ, ಮಾನ್ವಿಯಿಂದ ಸಿಂಧನೂರು, ಸಿಂಧನೂರಿನಿಂದ ಮತ್ತೆ ಕುಷ್ಟಗಿ. ಆ ತಾಯಿಯ ಪಾಲಿಗೆ ವರ್ಗ ಎಂಬ ಮಾತಿಗೆ ಇದ್ದದ್ದು ಒಂದೇ ಅರ್ಥ: ಹಾಸಿಗೆ ಸುತ್ತು, ಪಾತ್ರೆ ಕಟ್ಟು, ಲಾರಿ ಕರಿ. ಅದೇ ಮಾತನ್ನು ಪಕ್ಕದ ತೆಲುಗಿನವರು ಕೇಳಿಸಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅವರಿಗೆ ವರ್ಗ ಎಂದರೆ ಲೆಕ್ಕ, ನೌಕರಿಯದಾದರೆ ಬದಿಲಿ. ಆದರೆ ಕೇಳಿಸಿಕೊಂಡದ್ದು ಗದಿಗೆಮ್ಮ. ಅದೂ ಶೈಲಾಳ ಪಾಲಿನ ಮಾತನ್ನಷ್ಟೇ. ಹನ್ನೆರಡರ ತನಕ ವರ್ಗ ಮಾಡಿ ಮುಗಿಸಿದ್ದಾಳೆ. ಹದಿಮೂರರದು ಕೈ ಕೊಡುತ್ತಿದೆ. ಇಪ್ಪತ್ತರ ತನಕ ಮಾಡಲು ಯಾರೋ ಸರ್ ಹೇಳಿದ್ದಾರೆ. ಗಂಡನಿಗೆ ಗೊತ್ತಿಲ್ಲ.

ಗುರುಶಾಂತ ಡಬ್ಬಿ ಹಿಡಿದು ಬೇಗಂಪೇಟೆಯ ಕಚೇರಿಗೆ ಹೊರಟು ಸ್ಕೂಟರಿನ ಸದ್ದು ಅಡಗುವುದಕ್ಕೂ ಬಾಗಿಲ ಬೆಲ್ ಆಗುವುದಕ್ಕೂ ಸರಿಹೋಯಿತು. ಎರಡನೆಯ ಶನಿವಾರವಾದರೂ ಅವನ ವಿಮಾ ಕಚೇರಿಯಲ್ಲಿ ಲೆಕ್ಕ ತಪಾಸಣೆ ನಡೆದಿತ್ತು. ಗದಿಗೆಮ್ಮ ಮಾವಿನಕಾಯಿ ತೊಕ್ಕಿನ ಬಟ್ಟಲು ಹಿಡಿದು ಒಳಬಂದು, ಕುರ್ಚಿ ಬಿಟ್ಟು ಅಡಿಗೆಮನೆಯ ಮಣೆಯ ಮೇಲೇ ಕುಳಿತರು.

"ಶೈಲಾ, ನಿನ್ನ ಕೈಯಾಗ ಇಷ್ಟು ಐತಂತ ನನಗ ಗೊತ್ತಿದ್ದಿಲ್ಲ ನೋಡವ್ವಾ."

ಶೈಲಾ ಕೈ ನೋಡಿಕೊಂಡಳು. "ಹಿಟ್ಟು ಅತ್ತಿ. ತೊಳಕೊಂಡು ಬರ್ತೀನಿ ಕೂಡ್ರಿ."

"ಹಿಟ್ಟಲ್ಲ. ಶಕ್ತಿ." ಗದಿಗೆಮ್ಮ ದನಿ ತಗ್ಗಿಸಿದರು. "ಹನ್ನೆರಡು ಆಗ್ಯಾವಂತ. ಹದಿಮೂರನೇದು ಕೈ ಕೊಡಾಕತ್ತೈತಂತ."

ಶೈಲಾ ಕಿಟಕಿಯ ಕಡೆ ನೋಡಿದಳು. ಎಲ್ಲ ಗೊತ್ತಾಗಿಹೋಗಿದೆ. ಪರೀಕ್ಷೆ, ಭಜನೆ, ಹತ್ತೊಂಬತ್ತು ಅಂಕ, ಎಲ್ಲ.

"ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ. ಇವರಿಗೆ ಮಾತ್ರ ಹೇಳಬ್ಯಾಡ್ರಿ."

"ನಾ ಯಾಕ ಹೇಳಲಿ. ನನ್ನ ಹೊಟ್ಟ್ಯಾಗ ಹೋದ ಮಾತು ಭಾವಿಗೆ ಬಿದ್ದ ಕೊಡ ಇದ್ದಂಗ. ಆದ್ರ ನಮ್ಮ ಸಪ್ನಾಂದೂ ಒಂದು ನೋಡಬೇಕು ನೀನು."

"ಸಪ್ನಾಂದು ಏನು?"

"ವರ್ಗ."

ಸಪ್ನಾ ಗದಿಗೆಮ್ಮನವರ ಸೊಸೆ. ಅಲ್ಲೇ ಎರಡು ಗಲ್ಲಿಯಾಚೆ ಸರ್ಕಾರಿ ಶಾಲೆಯಲ್ಲಿ ಟೀಚರು. ಶೈಲಾಳಿಗೆ ಅರ್ಥವಾಗಲಿಲ್ಲ. "ಆಕಿ ಟೀಚರ್ ಅಲ್ಲೇನ್ರಿ ಅತ್ತಿ? ಆಕಿಗೆ ವರ್ಗ ಬರಂಗಿಲ್ಲೇನು?"

"ಅದಽ ತ್ರಾಸು ನೋಡು. ಎಷ್ಟು ವರ್ಷಾತು, ಬರವಲ್ದು."

"ಖರೇನ?"

"ಖರೇ ಅಂದ್ರ ಖರೇ. ಆಕಿ ಜೋಡಿ ನೌಕರಿಗೆ ಬಂದವರಿಗೆಲ್ಲಾ ಎರಡೆರಡು ಸಲ ಬಂತು. ಆಕಿಗೆ ಒಂದೂ ಬರಲಿಲ್ಲ. ಆಕಿಗೇನು, ಬರಲಿಲ್ಲಂದ್ರ ಬರಲಿಲ್ಲ ಅಂತ ಆರಾಮ ಇದ್ದಾಳ. ತ್ರಾಸು ನನಗ."

ಟೀಚರಿಗೇ ವರ್ಗ ಬರುವುದಿಲ್ಲ ಎಂದು ಕೇಳಿ ಶೈಲಾಳಿಗೆ ತನ್ನ ಮೇಲೆ ಸ್ವಲ್ಪ ಗೌರವವೇ ಮೂಡಿತು. ಹಾಗಾದರೆ ತನ್ನ ಹದಿಮೂರು ಅಷ್ಟೇನೂ ಅವಮಾನವಲ್ಲ. ಅಷ್ಟರಲ್ಲಿ ಗದಿಗೆಮ್ಮ ಮುಂದುವರಿಸಿದರು.

"ಭಾಳ ದೂರ ಬ್ಯಾಡವ್ವಾ. ಮಧ್ಯಾಹ್ನ ಊಟಕ್ಕ ಮನಿಗೆ ಬರಲಾರದಷ್ಟು ದೂರ ಆದ್ರ ಸಾಕು. ದಿನಾ ಒಂದು ಗಂಟೆಗೆ ಬರ್ತಾಳ, ನನ್ನ ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡ್ತಾಳ, ಡಬ್ಬಿ ತಗದು ಉಂಡಿ ಎಣಿಸ್ತಾಳ, ಹೋಗ್ತಾಳ. ಒಳ್ಳೆ ಹುಡುಗಿ. ಅದಕ್ಕಽ ತ್ರಾಸು. ಕೆಟ್ಟಾಕಿ ಆಗಿದ್ರ ಬೈದರ ಬೈಯಬಹುದಿತ್ತು. ಈಗ ಜಹೀರಾಬಾದಿಗೆ ತವರಮನಿಗೆ ಹೋಗ್ಯಾಳ, ನನಗ ಇವತ್ತು ಸ್ವಾತಂತ್ರ್ಯ ದಿನ."

ಆಗ ಶೈಲಾಳಿಗೆ ಹೊಳೆಯಿತು. ಹೊಳೆದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲ ಅತ್ತಿ, ಇದು ಆ ವರ್ಗ ಅಲ್ಲ ಎನ್ನಲು ಬಾಯಿ ತೆರೆದಳು. ಹಾಗಾದರೆ ಯಾವ ವರ್ಗ ಎಂದು ಅವರು ಕೇಳುತ್ತಾರೆ. ಈ ವಯಸ್ಸಿನಲ್ಲಿ ಲೆಕ್ಕ ಯಾಕೆ ಎಂದು ಕೇಳುತ್ತಾರೆ. ಸಂಜೆಯೊಳಗೆ ಗಾಳಿಗಂಡಿಯ ಉದ್ದಕ್ಕೂ ಶೈಲಾ ಎಸ್ಸೆಸ್ಸೆಲ್ಸಿ ಫೇಲು ಎಂಬ ಒಗ್ಗರಣೆ ಬೀಳುತ್ತದೆ. ಬಾಯಿ ಮುಚ್ಚಿದಳು. ಮತ್ತೆ ತೆರೆದಾಗ ಬಂದದ್ದು ಒಂದೇ ಮಾತು.

"ನೋಡ್ತೀನಿ ಅತ್ತಿ."

ಅದೇ ತಪ್ಪಾದದ್ದು. ಆಗುವುದಿಲ್ಲ ಎನ್ನುವವರು ಅಧಿಕಾರ ಇಲ್ಲದವರು, ನೋಡ್ತೀನಿ ಎನ್ನುವವರು ಇದ್ದವರು. ಇಡೀ ಸಂಸಾರವನ್ನು ಲಾರಿಯ ಮೇಲೆ ಕಳೆದ ಗದಿಗೆಮ್ಮನವರಿಗೆ ಅದು ಗೊತ್ತಿರದ ಸಂಗತಿಯಲ್ಲ. ಅವರು ಎದ್ದು ಶೈಲಾಳ ಗಲ್ಲ ಸವರಿ, ಬೆರಳು ಮುರಿದು ದೃಷ್ಟಿ ತೆಗೆದು ಹೋದರು. ಭಾವಿಗೆ ಬಿದ್ದ ಕೊಡ ಮೆಟ್ಟಿಲು ಹತ್ತುವಾಗಲೇ ತುಳುಕಲು ಶುರುವಾಯಿತು.

ಹತ್ತು ಗಂಟೆಗೆ ಶೈಲಾ ಸಾಬೂದಾಣಿ ಸಂಡಿಗೆಯ ಗಂಜಿ ತುಂಬಿದ ಪಾತ್ರೆ ಹೊತ್ತು ಮಾಳಿಗೆಗೆ ಹೊರಟಳು. ಮೆಟ್ಟಿಲಲ್ಲಿ ವಾಚ್‌ಮನ್ ಮಲ್ಲಣ್ಣ ಕುಳಿತಿದ್ದ. ನಾರಾಯಣಪೇಟೆಯವನು. ಎಂದೂ ಇಲ್ಲದೆ ಎದ್ದು ನಿಂತು ಪಾತ್ರೆಯನ್ನು ಕೈಯಿಂದ ಇಸಿದುಕೊಂಡ.

"ಅಮ್ಮಾರ, ಎಲ್ಲಾರದೂ ಮಾಡಿಸಾಕತ್ತೀರಂತ."

"ಏನು ಮಾಡಿಸ್ತೀನೋ ಮಲ್ಲಣ್ಣ? ಯಾರು ಹೇಳಿದ್ರು?"

"ನನಗ ಯಾರೂ ಹೇಳಿಲ್ಲ ಬಿಡ್ರಿ." ಮಲ್ಲಣ್ಣ ಕಣ್ಣು ಮಿಟುಕಿಸಿದ. "ನಂದೇನೂ ಇಲ್ಲ. ನನಗ ಈ ಗೇಟ್ ಚಲೋ ಐತಿ. ಆ ಕರೀ ನಾಯಿದೊಂದು ಆದ್ರ ಸಾಕು. ನಾ ಮಲಗೂದಕ್ಕೂ ಅದು ಒದರೂದಕ್ಕೂ ಸರಿ ಆಗ್ತೈತಿ. ಭಾಳ ಬ್ಯಾಡ, ನಾರಾಯಣಗೂಡಕ್ಕ ಹಾಕ್ರಿ."

"ನಾಯಿಗೆ ನಾ ಏನು ಮಾಡ್ಲೋ?"

"ನೋಡ್ತೀನಿ ಅಂದ್ರ ಸಾಕ್ರಿ ಅಮ್ಮಾರ. ಗದಿಗೆಮ್ಮಾರಿಗೆ ಅಂದೀರಲ್ಲ."

ಶೈಲಾ ಪಾತ್ರೆಯನ್ನು ಮರಳಿ ಕಿತ್ತುಕೊಂಡು ಮಾಳಿಗೆ ಹತ್ತಿದಳು. ನೀರಿನ ಟ್ಯಾಂಕಿಗೂ ಪ್ಯಾರಪೆಟ್ ಗೋಡೆಗೂ ನಡುವಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಗೋಡೆಯ ಕಡೆ ತಾನು ಕುಳಿತು, ಚಮಚೆಯಿಂದ ಸಂಡಿಗೆ ಇಡತೊಡಗಿದಳು. ಇಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಮೆಟ್ರೊ ಹಾದುಹೋಗುವ ಸದ್ದು, ಕೆಳಗೆ ತರಕಾರಿ ಬಂಡಿಯವನ ಕೂಗು. ಕೈ ತಾನಾಗಿ ಸಾಲು ಹಿಡಿಯಿತು. ಮೂರು ಸಾಲು, ಸಾಲಿಗೆ ಮೂರು. ಒಂಬತ್ತು. ಮೂರರ ವರ್ಗ.

ಅದನ್ನು ನೋಡುತ್ತ ಅವಳ ಕೈ ನಿಧಾನವಾಯಿತು. ಇದನ್ನು ನಾಲ್ಕರದ್ದು ಮಾಡಬೇಕಾದರೆ ಎಲ್ಲ ಅಳಿಸಿ ಮೊದಲಿನಿಂದ ಇಡಬೇಕಾಗಿಲ್ಲ. ಮಗ್ಗುಲಿಗೆ ಒಂದು ಮೂರು, ಕೆಳಗೆ ಒಂದು ಮೂರು, ಮೂಲೆಯಲ್ಲಿ ಒಂದು ಇಟ್ಟರೆ ಆಯಿತು. ಇಟ್ಟಳು. ಹದಿನಾರು. ಇನ್ನೊಮ್ಮೆ: ಮಗ್ಗುಲಿಗೆ ನಾಲ್ಕು, ಕೆಳಗೆ ನಾಲ್ಕು, ಮೂಲೆಗೊಂದು. ಇಪ್ಪತ್ತೈದು. ಶಾಲೆಯಲ್ಲಿ ಮಾಸ್ತರರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದ ಸಂಖ್ಯೆಗಳು ಒಂದಕ್ಕೊಂದು ಇಷ್ಟು ಹತ್ತಿರದ ನೆಂಟರು ಎಂದು ಯಾರೂ ಹೇಳಿರಲಿಲ್ಲ. ಪ್ರತಿಯೊಂದು ವರ್ಗವೂ ಹಿಂದಿನದಕ್ಕೆ ಒಂದು ಸೆರಗು ಸುತ್ತಿಕೊಂಡಷ್ಟೇ. ಅವಳು ಗಂಜಿ ಆರುವುದನ್ನೂ ಮರೆತು ಸೆರಗಿನ ಮೇಲೆ ಸೆರಗು ಸುತ್ತುತ್ತ ಹೋದಳು. ಹತ್ತು, ಹನ್ನೊಂದು, ಹನ್ನೆರಡು.

ಆ ಹೊತ್ತಿಗೆ ಅಂಬಾದಾಸ ಬಂದು ಹಾಳೆಯ ಆಚೆ ಬದಿಗೆ ನಿಂತಿದ್ದ. ಕೆಳಮನೆಯವನು, ಬೀದರಿನ ಕಡೆಯವನು, ತಾಂಡೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನಾ ರೈಲಿನಲ್ಲಿ ಹೋಗಿ ಬರುವ ಆ ಮನುಷ್ಯನಿಗೆ ನಿಂತಲ್ಲೇ ತೂಕಡಿಸುವ ಅಭ್ಯಾಸವಾಗಿತ್ತು.

"ವೈನಿ," ಎಂದ ಅವನು ಕೈ ಕಟ್ಟಿಕೊಂಡು. "ನಾ ಯಾರ ಮುಂದೂ ಹೇಳಂಗಿಲ್ಲ. ನಂದು ಅರ್ಜಿ ಹಾಕಿ ಭಾಳ ದಿನಾತು. ಇವತ್ತೋ ನಾಳೆಯೋ ಪಟ್ಟಿ ಬಿಡ್ತಾರಂತ."

"ಹೂಂ," ಎಂದಳು ಶೈಲಾ. ಅವಳು ಕೇಳುತ್ತಿರಲಿಲ್ಲ. ಮಗ್ಗುಲಿಗೆ ಹನ್ನೆರಡು ಇಡುತ್ತಿದ್ದಳು.

"ಬೆಳಿಗ್ಗೆ ನಾ ಹೋಗೂವಾಗ ಮಗಳು ಮಲಗಿರ್ತಾಳ. ರಾತ್ರಿ ಬರೂದ್ರಾಗ ಮಲಗಿರ್ತಾಳ. ಮೊನ್ನೆ ರವಿವಾರ ಮನ್ಯಾಗ ಇದ್ದೆ. ನನ್ನ ನೋಡಿ ಅವರವ್ವಗ, ‘ಮಮ್ಮೀ, ಅಂಕಲ್ ಬಂದಾರ’ ಅಂದ್ಲು ವೈನಿ."

"ಹೂಂ." ಕೆಳಗೆ ಹನ್ನೆರಡು.

"ನಿಮ್ಮ ಹದಿಮೂರನೇದು ನಂದಽ ಅಂತ ತಿಳಕೋರಿ. ಅಷ್ಟ ಬೇಡ್ಕೋತೀನಿ."

ಶೈಲಾ ಮೂಲೆಯಲ್ಲಿ ಕಡೆಯ ಸಂಡಿಗೆ ಇಟ್ಟಳು. ನೂರಾ ನಲವತ್ತನಾಲ್ಕಕ್ಕೆ ಹನ್ನೆರಡು, ಹನ್ನೆರಡು, ಒಂದು. ನೂರಾ ಅರವತ್ತೊಂಬತ್ತು. ಇಷ್ಟು ದಿನ ವಿಳಾಸ ಬದಲಿಸುತ್ತಿದ್ದವನು ಕೊನೆಗೂ ತನ್ನ ಮನೆಯ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ. ಅವಳ ಮುಖ ಅರಳಿತು.

"ಹದಿಮೂರು ಆತು," ಎಂದಳು ಜೋರಾಗಿ. "ಆಗೇಬಿಡ್ತು ನೋಡ್ರಿ. ಎಷ್ಟು ಸಲೀಸು ಇತ್ತು, ನಾನಽ ಸುಮ್ಮಸುಮ್ಮನೆ ಹೆದರಿದ್ದೆ."

ಅಂಬಾದಾಸನ ಕಣ್ಣಲ್ಲಿ ನೀರು ಬಂತು. ಅವನು ಅಲ್ಲಿಂದಲೇ ಬಗ್ಗಿ, ಸಂಡಿಗೆಯ ಮೇಲಿಂದ ಅವಳ ಪಾದದ ದಿಕ್ಕಿಗೆ ಕೈ ಚಾಚಿ ಹಣೆಗೆ ಮುಟ್ಟಿಸಿಕೊಂಡ.

"ನಿಮ್ಮ ಉಪಕಾರ ಮರೆಯಂಗಿಲ್ಲ ವೈನಿ."

"ಏನು ಉಪಕಾರ? ನಿಂತ್ಕೋರಿ. ನೀವು ಏನು ಕೇಳಿದ್ರಿ ಈಗ?"

"ಇನ್ನ ಏನೂ ಕೇಳಂಗಿಲ್ಲ. ಸಾಕು, ಇಷ್ಟು ಸಾಕು." ಕಣ್ಣೊರೆಸುತ್ತ ಅವನು ಮೆಟ್ಟಿಲ ಕಡೆ ನಡೆದೇಬಿಟ್ಟ.

ಶೈಲಾ ಎದ್ದಳು. ಆದರೆ ಹೋಗುವುದು ಎಲ್ಲಿಗೆ? ಬಲಕ್ಕೆ ಟ್ಯಾಂಕು, ಎಡಕ್ಕೂ ಹಿಂದೆಯೂ ಗೋಡೆ, ಎದುರಿಗೆ ಹದಿಮೂರರ ವರ್ಗ ಹಸಿಹಸಿಯಾಗಿ ಹರಡಿಕೊಂಡಿತ್ತು. ಸೀರೆ ಎತ್ತಿ ದಾಟಲು ನೋಡಿದಳು. ಕಾಲು ಸಾಲಲಿಲ್ಲ. "ಅಂಬಾದಾಸ, ನಾ ಹೇಳಿದ್ದು ಬ್ಯಾರೆ, ನಿಲ್ಲರಿ" ಎಂದು ಕೂಗಿದಳು. ಉತ್ತರವಾಗಿ ಕೆಳಗಿನಿಂದ ಅಂಬಾದಾಸ ಹೆಂಡತಿಯನ್ನು ಕರೆದು ಏನೋ ಹೇಳುವುದೂ, ಆಕೆ ಸಂತೋಷದಿಂದ ಅಳುವುದೂ ಕೇಳಿಸಿತು. ಬಿಸಿಲಿಗೆ ಅಂಚಿನ ಸಂಡಿಗೆ ಒಣಗಿ ಕಾಲಿಡಲು ಜಾಗವಾಗುವವರೆಗೂ ಅವಳು ತಾನು ಕಲಿತ ಲೆಕ್ಕದ ಹಿಂದೆ ಕೈದಿಯಾಗಿ ಕುಳಿತಿದ್ದಳು. ಕಂಡುಹಿಡಿದ ಖುಷಿ ಇನ್ನೂ ಆರಿರಲಿಲ್ಲ. ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲ ಎಂಬುದೊಂದೇ ಕೊರತೆ.

ಸಂಜೆ ಆರಕ್ಕೆ ಗುರುಶಾಂತ ಮನೆಗೆ ಬಂದಾಗ ಬಾಗಿಲಲ್ಲಿ ಚಪ್ಪಲಿಗಳು ಬಿದ್ದಿದ್ದವು. ಒಳಗೆ ಗದಿಗೆಮ್ಮ ಸೋಫಾದ ನಡುವೆ ಕುಳಿತು ಎರಡನೆಯ ಪೇಢೆ ತಿನ್ನುತ್ತಿದ್ದರು. ಪೇಢೆಯ ಪೆಟ್ಟಿಗೆ ತಂದಿದ್ದ ಅಂಬಾದಾಸ ಸೋಫಾದ ಅಂಚಿನಲ್ಲಿ ಕುಳಿತಿದ್ದ. ಮಲ್ಲಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಶೈಲಾ ಪೆಟ್ಟಿಗೆಯನ್ನು ಅಂಬಾದಾಸನ ಕಡೆಗೆ ತಳ್ಳುವುದು, ಅವನು ಅದನ್ನು ಇವಳ ಕಡೆಗೆ ತಳ್ಳುವುದು ನಡೆದಿತ್ತು.

ಗುರುಶಾಂತ ಆ ವಿಮಾ ಕಚೇರಿಯ ಹೆಡ್ ಕ್ಲರ್ಕು. ಕಚೇರಿಯ ಪೆನ್ನು ಜೇಬಿನಲ್ಲಿ ಮನೆಗೆ ಬಂದರೆ ಮರುದಿನ ಬೆಳಿಗ್ಗೆ ಮೊದಲು ಅದನ್ನು ಹಿಂದಿರುಗಿಸುವ ಜಾತಿಯವನು.

"ಏನು ವಿಶೇಷ? ಯಾರ ಹುಟ್ಟಿದ ದಿನ?" ಎಂದ.

"ತಮ್ಮಾ, ನಾ ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ. ಅದಕ್ಕ ಹೇಳಂಗಿಲ್ಲ," ಎಂದರು ಗದಿಗೆಮ್ಮ. "ನಿನ್ನ ಹೆಂಡತಿ ಹದಿಮೂರು ವರ್ಗ ಮಾಡಿಸ್ಯಾಳ. ಅಷ್ಟು ತಿಳಕೋ, ಹೆಚ್ಚಿಂದು ಕೇಳಬ್ಯಾಡ."

"ವರ್ಗ? ಯಾರ ವರ್ಗ?"

"ಹದಿಮೂರನೇದು ನಂದು ಅಣ್ಣಾರ," ಎಂದ ಅಂಬಾದಾಸ.

"ನಾಯಿದು ಇನ್ನಾ ಬಾಕಿ ಐತ್ರಿ," ಎಂದ ಮಲ್ಲಣ್ಣ.

ಗುರುಶಾಂತ ಕುಳಿತುಕೊಂಡ. ಬೆವರು ಒರೆಸಿಕೊಂಡ. "ಶೈಲಾ, ಏನಿದು? ಯಾರ ವಶೀಲಿ ಹಿಡದಿ? ನಾಳೆ ಯಾರರ ಮ್ಯಾಲೆ ಬರದ್ರ ವಿಜಿಲೆನ್ಸ್‌ನವರು ನಮ್ಮನಿಗೆ ಬರ್ತಾರ. ಇಷ್ಟು ವರ್ಷ ಒಂದು ಟಾಚಣಿ ಮುಟ್ಟಿಲ್ಲ ನಾ. ನನ್ನ ನೌಕರಿ ಹೋಗ್ತೈತಿ." ಅವನು ನೀರಿನ ಲೋಟ ಎತ್ತಿದ. ಕುಡಿಯದೆ ಕೆಳಗಿಟ್ಟು, ಜೇಬಿನಲ್ಲಿ ಕಚೇರಿಯ ಪೆನ್ನೇನಾದರೂ ಬಂದಿದೆಯೋ ಎಂದು ತಡಕಿ ನೋಡಿದ.

ಆ ತಡಕುವ ಕೈ ನೋಡಿದ ಮೇಲೆ ಶೈಲಾಳಿಗೆ ಯೋಚಿಸುವುದು ಏನೂ ಉಳಿಯಲಿಲ್ಲ. ಬೇರೆ ಯಾರಿಗಾದರೂ ಹೇಗಾದರೂ ಸುಳ್ಳು ಹೇಳಬಹುದಿತ್ತು. ಕಚೇರಿಯ ಗುಂಡುಸೂಜಿಯನ್ನೂ ಮುಟ್ಟದ ಈ ಮನುಷ್ಯ ತನ್ನಿಂದಾಗಿ ಹೆದರುವುದನ್ನು ಅವಳು ನೋಡಲಾರಳು. ಸೆರಗು ಸರಿಮಾಡಿಕೊಂಡು ನಿಂತಳು.

"ನಾ ಯಾರ ವರ್ಗಾನೂ ಮಾಡಿಸಿಲ್ರಿ. ನಾ ಮಾಡೂದು ಲೆಕ್ಕದ ವರ್ಗ. ಎರಡೆರಡ್ಲೆ ನಾಲ್ಕು, ಮೂರ್ಮೂರ್ಲೆ ಒಂಬತ್ತು, ಆ ವರ್ಗ. ಸೋಮವಾರ ನಂದು ಗಣಿತದ ಪರೀಕ್ಷೆ ಐತಿ. ನಾ ಎಸ್ಸೆಸ್ಸೆಲ್ಸಿ ಫೇಲು."

ಇಪ್ಪತ್ತು ವರ್ಷ ದಾಟಿದ ಭಾರವನ್ನು ಅವಳು ಎಲ್ಲರ ನಡುವೆ ಇಳಿಸಿ ನಿಂತಿದ್ದಳು. ಎದೆ ಹಗುರವಾಗಿತ್ತು. ಈಗ ಏನಾದರೂ ಆಗಲಿ.

ಮೊದಲು ನಕ್ಕವರು ಗದಿಗೆಮ್ಮ. ಪೇಢೆಯ ಪುಡಿ ಸೆರಗಿನ ಮೇಲೆ ಉದುರುವಷ್ಟು ನಕ್ಕರು. "ಶಾಣ್ಯಾಕಿ. ಭಾಳ ಶಾಣ್ಯಾಕಿ. ಹಿಂಗ ಹೇಳಬೇಕು ನೋಡು ಯಾರರ ಕೇಳಿದ್ರ. ಪೊಲೀಸ್ರು ಕೇಳಿದ್ರೂ ನಾ ಇದನ್ನಽ ಹೇಳ್ತೀನಿ, ಆಕಿ ಲೆಕ್ಕ ಮಾಡಾಕತ್ತಿದ್ಲು ಅಂತ."

"ಖರೇ ಅತ್ತಿ."

"ಖರೇ ಖರೇ. ನಾವೂ ಹಂಗಽ ಅಂತೀವಿ."

ಗುರುಶಾಂತ ಮಾತ್ರ ನಗಲಿಲ್ಲ. ಹೆಂಡತಿಯ ಮುಖ ನೋಡಿದ. "ನೀ ಫೇಲು? ನಿಮ್ಮಪ್ಪಾರು ನನ್ನ ಕಣ್ಣಮುಂದ ಹೇಳ್ಯಾರ, ಎಸ್ಸೆಸ್ಸೆಲ್ಸಿ ಆಗೈತಿ ಅಂತ."

"ಆಗಿತ್ತು. ಪಾಸಾಗಿದ್ದಿಲ್ಲ."

"ಸುಮ್ಕಿರು. ಇಷ್ಟು ವರ್ಷ ಜೋಡಿ ಸಂಸಾರ ಮಾಡೀನಿ. ಪಾಸಾದವರು ಯಾರು, ಆಗಲಾರದವರು ಯಾರು, ನನಗ ಗೊತ್ತಾಗಂಗಿಲ್ಲೇನು?" ಅವನು ಕಚೇರಿಯಲ್ಲಿ ಹೊಸ ಹುಡುಗರನ್ನು ವಿಚಾರಿಸುವ ದನಿ ತೆಗೆದ. "ಆತು, ನೀ ವರ್ಗ ಕಲ್ಯಾಕತ್ತಿ ಅಂದ್ರ ಹೇಳು ನೋಡೂಣು. ಹದಿಮೂರರ ವರ್ಗ ಎಷ್ಟು?"

ಶೈಲಾಳಿಗೆ ನಗು ಬಂದಿತು. ಇಡೀ ಜಗತ್ತಿನಲ್ಲಿ ಅವನು ಇದನ್ನೇ ಕೇಳಬೇಕೆ. ಅವಳ ಕಣ್ಣ ಮುಂದೆ ಸಾಲುಗಳು ಬಂದು ನಿಂತವು, ಮಗ್ಗುಲಿಗೆ ಹನ್ನೆರಡು, ಕೆಳಗೆ ಹನ್ನೆರಡು, ಮೂಲೆಗೊಂದು.

"ನೂರಾ ಅರವತ್ತೊಂಬತ್ತು," ಎಂದಳು.

"ತಪ್ಪು," ಎಂದ ಗುರುಶಾಂತ. "ನೂರಾ ಐವತ್ತಾರು."

"ಅಲ್ರೀ, ಅದು ಹದಿಮೂರು ಹನ್ನೆರಡ್ಲೆ."

"ಹೆಡ್ ಕ್ಲರ್ಕಿಗೆ ಲೆಕ್ಕ ಹೇಳ್ತೀಯೇನು? ಐವತ್ತಾರು. ನೋಡ್ರಿ, ಆಕಿಗೆ ಬರಂಗಿಲ್ಲ. ವರ್ಗ ಕಲ್ಯಾಕತ್ತೀನಿ ಅನ್ನೂದು ಸುಳ್ಳು."

ಗದಿಗೆಮ್ಮ ತಲೆಯಾಡಿಸಿದರು. ಮಲ್ಲಣ್ಣನೂ ಆಡಿಸಿದ, ಹೆಡ್ ಕ್ಲರ್ಕರು ಹೇಳಿದ ಮೇಲೆ ಮುಗಿಯಿತು ಎಂಬಂತೆ. ಅಂಬಾದಾಸನೊಬ್ಬ, "ತಡೀರಿ ಅಣ್ಣಾರ, ಫೋನಿನ್ಯಾಗ ನೋಡೂಣು" ಎಂದು ಜೇಬಿಗೆ ಕೈ ಹಾಕಿದ. ಶೈಲಾ ಅವನನ್ನು ದೇವರನ್ನು ನೋಡುವ ಹಾಗೆ ನೋಡಿದಳು. ಅವನು ಒಂದು ಒತ್ತಿದ, ಮೂರು ಒತ್ತಿದ. ಅಷ್ಟರಲ್ಲಿ ಫೋನು ಗಂಟಲು ಹರಿಯುವ ಹಾಗೆ ಹೊಡೆದುಕೊಳ್ಳತೊಡಗಿತು. ಅಂಬಾದಾಸ ಕಿವಿಗಿಟ್ಟುಕೊಂಡ. "ಹಾಂ ಅನ್ನಾ. ಚೆಪ್ಪಂಡಿ," ಎಂದ ತೆಲುಗಿನಲ್ಲಿ. ಕೇಳಿದ. ಅವನ ಬಾಯಿ ತೆರೆದದ್ದು ಹಾಗೇ ನಿಂತಿತು.

"ಪಟ್ಟಿ ಬಂತಂತ," ಎಂದ ಕೊನೆಗೆ. "ನಂದು ಬೇಗಂಪೇಟೆಗೆ ಆಗೈತಂತ."

ಅವನು ಈ ಸಲ ಸಂಡಿಗೆಯ ಅಡ್ಡಿಯಿಲ್ಲದೆ ಶೈಲಾಳ ಕಾಲಿಗೇ ಬಿದ್ದ. ಗದಿಗೆಮ್ಮ ಎದ್ದು ನಿಂತು, "ಹದಿಮೂರೂ ಆತು," ಎಂದು ಅಪಾರ್ಟ್‌ಮೆಂಟಿಗೆಲ್ಲ ಕೇಳುವಂತೆ ಹೇಳಿ ಮೂರನೆಯ ಪೇಢೆ ತೆಗೆದುಕೊಂಡರು. ಮಲ್ಲಣ್ಣ ಕರಿ ನಾಯಿಯನ್ನು ಕೊನೆಯ ಸಲ ನೋಡಿಬರುವವನ ಹಾಗೆ ಕೆಳಗೆ ಓಡಿದ. ಶೈಲಾ, "ಅದು ನಿಮ್ಮ ಅರ್ಜಿಯಿಂದ ಆದದ್ದು, ನನ್ನಿಂದ ಅಲ್ಲ" ಎಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನೂರಾ ಅರವತ್ತೊಂಬತ್ತನ್ನಂತೂ ಯಾರೂ ನೆನೆಯಲಿಲ್ಲ.

ಎಲ್ಲರೂ ಹೋದ ಮೇಲೆ ಶೈಲಾ ಅಡಿಗೆಮನೆಗೆ ಬಂದು ಅಕ್ಕಿ ತೊಳೆಯಲು ಕೂತಳು. ಅವಳಿಗೆ ವಿಚಿತ್ರವೆನಿಸಿತು. ಇಷ್ಟು ವರ್ಷ ಯಾರಿಗಾದರೂ ಗೊತ್ತಾದೀತೆಂದು ನಡುಗಿದ್ದ ಮಾತನ್ನು ತುಂಬಿದ ಮನೆಯಲ್ಲಿ ನಿಂತು ಹೇಳಿದಳು. ಅದು ಯಾರ ಕೈಗೂ ಹತ್ತದೆ ಹಾಗೇ ಮರಳಿ ಅವಳ ಮಡಿಲಿಗೇ ಬಂದು ಬಿದ್ದಿತ್ತು.

ಗುರುಶಾಂತ ಬಾಗಿಲಲ್ಲಿ ಬಂದು ನಿಂತ. ಹೆದರಿಕೆ ಹೋಗಿತ್ತು. ಮುಖದಲ್ಲಿ ಅವಳು ಎಂದೂ ಕಾಣದ ಒಂದು ಮರ್ಯಾದೆ ಇತ್ತು.

"ಇಷ್ಟು ಪರಿಚಯ ಐತಂತ ನನಗ ಒಂದು ಮಾತು ಹೇಳಲಿಲ್ಲ ನೀನು."

"ಯಾರ ಪರಿಚಯಾನೂ ಇಲ್ರಿ ನನಗ."

"ಇರಲಿ, ಹೇಳಬ್ಯಾಡ. ಗುಟ್ಟಿನ ಕೆಲಸ." ಅವನು ಗಾಳಿಗಂಡಿಯ ಕಿಟಕಿ ಮುಚ್ಚಿ ಬಂದು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. "ನಮ್ಮ ಕಚೇರಿಗೆ ಹೊಸ ಮ್ಯಾನೇಜರ್ ಬಂದಾನಲ್ಲ. ನಿನ್ನೆ ಎಲ್ಲಾರ ಮುಂದ ನನ್ನ ಕೂಡಿಸಿದ ಲೆಕ್ಕ ತಪ್ಪೈತಿ ಅಂದ. ನಂದಂತೂ ತಪ್ಪಾಗೂದು ಶಕ್ಯ ಇಲ್ಲ."

ಶೈಲಾ ಅಕ್ಕಿಯ ನೀರು ಬಗ್ಗಿಸಿದಳು.

"ನನಗ ಇಂಥಾದು ಮನಸ್ಸಿಗೆ ಬರಂಗಿಲ್ಲ ನೋಡು. ಆದರೂ ಆ ಒಬ್ಬಂದು. ಒಬ್ಬಂದಷ್ಟ. ಎಲ್ಲೆರ ಚಲೋ ಊರಿಗೇ ಹಾಕಸು ಪಾಪ, ಮಕ್ಕಳುಮರಿ ಇದ್ದಾವ." ಅವನು ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದ. "ಹದಿನಾಲ್ಕನೇದು ಆಗ್ತೈತೇನು?"

ನೂರಾ ಅರವತ್ತೊಂಬತ್ತಕ್ಕೆ ಹದಿಮೂರು, ಹದಿಮೂರು, ಒಂದು. ನೂರಾ ತೊಂಬತ್ತಾರು. ಕೇಳಿದ ಕೂಡಲೇ ಉತ್ತರ ಬಂದು ನಾಲಿಗೆಯ ತುದಿಯಲ್ಲಿ ಕುಳಿತಿತ್ತು. ಶೈಲಾ ಅದನ್ನು ನುಂಗಿಕೊಂಡು ಗಂಡನ ನರೆತ ತಲೆಯನ್ನು ನೋಡಿದಳು. ನೂರಾ ಐವತ್ತಾರು ಎಂದು ಅಷ್ಟು ಧೈರ್ಯವಾಗಿ ಹೇಳಿದ ತಲೆ. ಅವಳಿಗೆ ಆ ತಲೆಯ ಮೇಲೆ ಬಹಳ ಪ್ರೀತಿ ಬಂತು.

"ನೋಡ್ತೀನ್ರಿ," ಎಂದಳು.

ಅವನು ಸಮಾಧಾನದಿಂದ ಎದ್ದು ಹೋದ. ಶೈಲಾ ಅಕ್ಕಿಗೆ ಎಸರು ಇಟ್ಟಳು. ಪರೀಕ್ಷಾ ಕೇಂದ್ರ ಬೇಗಂಪೇಟೆಯಲ್ಲಿ, ಅವನ ಕಚೇರಿಯ ಹಿಂದಿನ ಬೀದಿಯಲ್ಲಿತ್ತು. ಅಲ್ಲಿಗೆ ಹೇಗೆ ಹೋಗುವುದು, ಯಾರಾದರೂ ಕಂಡರೆ ಏನು ಹೇಳುವುದು ಎಂದು ಅವಳು ವಾರದಿಂದ ನಿದ್ದೆಗೆಟ್ಟಿದ್ದಳು. ಒಂದು ಮದುವೆ, ಒಂದು ಹಲ್ಲುನೋವು, ಒಂದು ವಿಶೇಷ ಭಜನೆ, ಮೂರು ಸುಳ್ಳು ಹೊಂದಿಸಿಟ್ಟುಕೊಂಡಿದ್ದಳು. ಈಗ ಒಂದೂ ಬೇಡ. ಸೋಮವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಗಂಡನ ಸ್ಕೂಟರಿನ ಹಿಂದೆಯೇ ಕುಳಿತು ಹೋಗುವುದು. ಗೇಟಿನಲ್ಲಿ ಯಾರು ಕೇಳಿದರೂ ವರ್ಗದ ಕೆಲಸಕ್ಕೆ ಹೊರಟಿದ್ದೇನೆ ಎನ್ನುವುದು. ಎಲ್ಲರೂ ಕೈಮುಗಿದು ದಾರಿ ಬಿಡುತ್ತಾರೆ, ಒಬ್ಬರೂ ಮುಂದೆ ಕೇಳುವುದಿಲ್ಲ.

ಅನ್ನ ಕುದಿಯುವವರೆಗೂ ಆ ನಿರ್ಧಾರವನ್ನು ಅವಳು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಹರಿದಿರಲಿಲ್ಲ. ಗಾಳಿಗಂಡಿಗೆ ಕಿವಿಯಿದೆ ಎಂದು ಸುಗಲಮ್ಮನ ಫೋನು ಬಂದಾಗಲೂ ಅದನ್ನು ಹೇಳಲಿಲ್ಲ.